ಹಳ್ಳಿಮೈಸೂರಿನಲ್ಲಿ ಅಮ್ಮ ಬಂದ ಮಳೆಗಾಲ

ಖೋ-ಖೋ ತಂಡದ ಕ್ಯಾಪ್ಟನ್ ಪಲ್ಲವಿ ಕೆಲವು ದಿನಗಳಿಂದ ಶಾಲೆಗೆ ಬಂದಿರಲಿಲ್ಲ. ಹೋಬಳಿ ಮಟ್ಟದ ಪಂದ್ಯ ತಲೆ ಮೇಲೆ ಬಂದು ಕೂತಿತ್ತು. ನಾನು ಮಲ್ಲಿಪಟ್ಟಣದ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳುವ ತನಕ ಕಾಯುವುದಿಲ್ಲ. ಈ ಹುಡುಗಿಗೆ ಸರಿಯಾಗಿ ಬಿಸಿ ಮುಟ್ಟಿಸಿ ಬರೋಣ ಅಂತ, ಕೊರಳಲ್ಲಿ ವಿಸಿಲ್ ನೇತಾಡುತ್ತಿದ್ದ ಹಾಗೇ ಜಿಟಿಜಿಟಿ ಮಳೆಯಲ್ಲಿ ಅವಳ ಮನೆಗೆ ಹೊರಟೆ. ನೋಡಿದರೆ ಬಾಗಿಲಿನ ಎರಡೂ ಕಡೆ ಹಸಿ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಒಳಗಿನಿಂದಲೂ ಅದೇ ಕಹಿ ವಾಸನೆ ಬರುತ್ತಿತ್ತು. ಬೈಯಲು ಬಂದವಳು ಅಂಗಳದಲ್ಲೇ ನಿಂತೆ.

"ಬರ್ಬ್ಯಾಡಿ ಮಿಸ್, ಒಳಿಕ್ಕೆ ಬರ್ಬ್ಯಾಡಿ," ಅಂತ ಅವಳ ತಾಯಿ ಹೊಸಿಲಾಚೆಯಿಂದಲೇ ಕೈ ಅಡ್ಡ ಹಿಡಿದಳು. "ಮಗೀಗೆ ಅಮ್ಮ ಆಗದೆ."

"ಡಾಕ್ಟರಿಗೆ ತೋರಿಸಿದ್ರಾ?"

"ಊಂ, ತೋರ್ಸುದ್ವಿ. ನೀರು ಸಿಡುಬಂತೆ. ವಾರದಾಗೆ ಇಳೀತದೆ ಅಂದ್ರು."

ನಾನು ಅಷ್ಟು ಹೊತ್ತಿಗಾಗಲೇ ಶೂ ಬಿಚ್ಚಿ ಅಂಗಳದ ಅಂಚಿಗೆ ಇಟ್ಟುಬಿಟ್ಟಿದ್ದೆ. ಒಳಗೆ ಕಾಲಿಡುವುದಿಲ್ಲ ಅಂತ ಗೊತ್ತಿದ್ದರೂ ಬಿಚ್ಚಿದ್ದೆ. "ಬೇವಿನ ಸೊಪ್ಪಲ್ಲಿ ಸವರ್ತೀರಲ್ಲ, ಕಣ್ಣಿನ ಹತ್ತಿರ ಮಾತ್ರ ತರಬೇಡಿ. ಗುಳ್ಳೆ ಮೇಲೆ ಆಡಿಸಿದ ಸೊಪ್ಪನ್ನ ಮುಖಕ್ಕೆ ತರಲೇಬೇಡಿ," ಅಂದೆ.

"ಅದ್ಯಾಕ್ ಮಿಸ್ ಅಂಗಂತೀರಿ? ತಂಪಲ್ವಾ ಅದು?"

ಏನಂತ ಹೇಳಲಿ ಆ ಹೆಂಗಸಿಗೆ? ನನ್ನಾಣೆ ಇದೆ, ತರಬೇಡಿ ಅಂತಷ್ಟೇ ಹೇಳಿ ವಾಪಸು ಬಂದು ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತೆ. ನಾನಿರುವ ಅರಕಲಗೂಡಿನ ಕಡೆಯ ಬಸ್ಸು ಬರುವುದು ಇನ್ನೂ ತಡವಿತ್ತು. ನಮ್ಮಣ್ಣನ ಆ ಮಳೆಗಾಲ ಇಡಿಯಾಗಿ ಎದುರಿಗೆ ಬಂದು ನಿಂತಿತ್ತು.

ಜನ ಕರೋನಾದ ಮಾಸ್ಕು ಬಿಚ್ಚಿ ಆಗಷ್ಟೇ ನೆಮ್ಮದಿಯಾಗಿ ಉಸಿರಾಡುತ್ತಿದ್ದ ಕಾಲ ಅದು. ನಾನು ಆಗ ಚನ್ನರಾಯಪಟ್ಟಣದ ಕಡೆ ಬಾಗೂರಿನಲ್ಲಿ ಕೆಲಸಕ್ಕಿದ್ದೆ. ಅಣ್ಣ ಶಿವಣ್ಣ ಹಳ್ಳಿಮೈಸೂರಿನಲ್ಲಿ ಲೈನ್‌ಮನ್. ಅವ್ವ ಅವನ ಜೊತೆಗಿದ್ದಳು, ಅವನ ಹೆಂಡತಿ ಸುಮಿತ್ರತ್ತಿಗೆ ಇದ್ದರು. ಗಾಳಿಮಳೆಗೆ ತಂತಿ ಹರಿದುಬಿದ್ದರೆ ಸುತ್ತಮುತ್ತಲ ಊರಿನವರೆಲ್ಲ ಮೊದಲು ಫೋನ್ ಮಾಡುತ್ತಿದ್ದುದು ಅವನಿಗೇ. ಬೈಸಿಕೊಳ್ಳುತ್ತಲೇ ಹೋಗಿ ಕಂಬ ಹತ್ತುತ್ತಿದ್ದ, ನಗುತ್ತಲೇ ಇಳಿಯುತ್ತಿದ್ದ. ನನ್ನ ಹಾಗೆ ಸಿಡುಕನಲ್ಲ ಅವನು. ನಮ್ಮ ಮನೆಯ ಸಿಟ್ಟನ್ನೆಲ್ಲ ನಾನೇ ಬಾಚಿಕೊಂಡು ಹುಟ್ಟಿದ್ದೇನೆ ಅಂತ ರೇಗಿಸುತ್ತಿದ್ದ.

ಅವನ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಕಪ್ಪು ಮಚ್ಚೆ ಎದ್ದಿತ್ತು. ಕಂಬ ಹತ್ತುವವನ ಕಾಲು, ಆಣಿ ಆಗಿರಬೇಕು ಅಂದುಕೊಂಡ. ಬ್ಲೇಡಿನಲ್ಲಿ ಹೆರೆದ, ಬಿಸಿ ಎಣ್ಣೆ ಬಿಟ್ಟ, ಮತ್ತೆ ಬೂಟು ಹಾಕಿಕೊಂಡು ಕೆಲಸಕ್ಕೆ ಹೋದ. ಅದು ಚರ್ಮದ ಕ್ಯಾನ್ಸರು ಅಂತ ಗೊತ್ತಾಗುವ ಹೊತ್ತಿಗೆ ಹಿಮ್ಮಡಿಯನ್ನೇ ಕತ್ತರಿಸಿ ತೆಗೆಯಬೇಕಾಯಿತು. ಆಮೇಲೆ ಮೀನಖಂಡದಲ್ಲಿ ಅವರೆಕಾಳಿನಷ್ಟು ಕಪ್ಪು ಗಂಟು, ಆಮೇಲೆ ಅದರ ಮೇಲೆ ಇನ್ನೊಂದು. ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ತೊಡೆಯ ಕಡೆಗೆ ಹೊರಟವು. ಡ್ರಿಪ್ಪು ಹಾಕಿದರು, ದೊಡ್ಡ ದೊಡ್ಡ ಇಂಜೆಕ್ಷನ್ ಕೊಟ್ಟರು, ಕರೆಂಟು ಕೊಟ್ಟರು. ಯಾವುದಕ್ಕೂ ಅವು ಜಗ್ಗಲಿಲ್ಲ.

ಆಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಒಬ್ಬ ಡಾಕ್ಟರಮ್ಮ ಹೊಸ ಪ್ರಯೋಗದ ವಿಷಯ ಹೇಳಿದರು. ಯಾವ ಔಷಧಿಗೂ ಬಗ್ಗದ ಗಂಟುಗಳಿಗೆ ವೈರಸ್ಸನ್ನೇ ಚುಚ್ಚುವುದು. ಅದು ಕ್ಯಾನ್ಸರಿನ ಕಣಗಳ ಒಳಗೆ ಹೊಕ್ಕು, ಅಲ್ಲೇ ಬೆಳೆದು, ಅವನ್ನು ಒಡೆಯಬೇಕು. ಹಿಂದೆ ಸಿಡುಬು ಬಾರದಿರಲಿ ಅಂತ ತೋಳಿಗೆ ಹಾಕುತ್ತಿದ್ದರಲ್ಲ, ಆ ವೈರಸ್ಸನ್ನೇ ತಿದ್ದಿ, ಬಲ ಕುಂದಿಸಿ ಮಾಡಿದ್ದು. ಇನ್ನೂ ಮೊದಲ ಹಂತ, ಬಹಳ ಜನಕ್ಕೆ ಕೊಟ್ಟಿಲ್ಲ, ಗುಣವಾಗುತ್ತದೆ ಅಂತ ಮಾತು ಕೊಡಲಾರೆ, ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು ಅಂತ ಆಕೆ ನಿಧಾನವಾಗಿ, ಒಳ್ಳೆಯ ಕನ್ನಡದಲ್ಲಿ ಹೇಳಿದರು.

"ಅಂದ್ರೆ ಮೇಡಂ, ಹೊಸ ಲೈನು. ಇನ್ನೂ ಸರಿಯಾಗಿ ಚಾರ್ಜೇ ಮಾಡಿಲ್ಲ. ಫಸ್ಟು ನನ್ ಮ್ಯಾಲೇ ಟೆಸ್ಟಾ?" ಅಂದ ಅಣ್ಣ.

ಡಾಕ್ಟರಮ್ಮ ನಕ್ಕುಬಿಟ್ಟರು. "ಮೊದಲನೇ ಕೆಲವರಲ್ಲಿ ನೀವೊಬ್ಬರು," ಅಂದರು.

"ಆಯ್ತು ಬುಡಿ. ಯಾರಾದ್ರೂ ಒಬ್ರು ಸ್ವಿಚ್ ಹಾಕ್ಲೇಬೇಕಲ್ಲ."

ಸೆರಗು ಹೊದ್ದು ಪಕ್ಕದಲ್ಲಿ ಕೂತಿದ್ದ ಅವ್ವ ತಲೆ ಎತ್ತಿದಳು. "ಸಿಡುಬು ಅಂದ್ರೆ ಅಮ್ಮ ಅಲ್ವಾ ತಾಯಿ? ನನ್ ಮಗನ ಮೈಮ್ಯಾಲೆ ಅಮ್ಮನ್ನೇ ಬರಿಸ್ತೀರಾ?"

ಮುದುಕಿಗೆ ಇನ್ನು ಹೇಗೆ ಬಿಡಿಸಿ ಹೇಳುವುದು ಅನ್ನಿಸಿರಬೇಕು. "ಹಾಗೇ ಅಂದ್ಕೊಳ್ಳಿ ಅಜ್ಜಿ, ಆ ಮನೆತನದ್ದೇ," ಅಂದರು ಡಾಕ್ಟರಮ್ಮ. ಪ್ರೀತಿಯಿಂದಲೇ ಹೇಳಿದ ಮಾತು. ಅವ್ವ ಕೈಯೆತ್ತಿ ಮುಗಿದಳು. ನನಗೂ ಆಗ ಸಮಾಧಾನವೇ ಆಯಿತು, ಸದ್ಯ ಒಪ್ಪಿದಳಲ್ಲ ಅಂತ.

ನರ್ಸು ಎಲ್ಲವನ್ನೂ ಮತ್ತೆ ಮತ್ತೆ ಹೇಳಿ ಕಳಿಸಿದರು. ಚುಚ್ಚಿದ ಜಾಗದ ಬ್ಯಾಂಡೇಜು ಬಿಚ್ಚಬಾರದು, ಬದಲಿಸುವಾಗ ಗ್ಲೌಸು ಹಾಕಿಕೊಳ್ಳಬೇಕು, ಅಲ್ಲಿ ಮುಟ್ಟಿದ ಕೈ ಬೇರೆ ಕಡೆ ತಾಗಬಾರದು. ಜ್ವರ ಬಂದೀತು, ಹೆದರಬೇಡಿ. ಆದರೆ ಬೇರೆ ಜಾಗದಲ್ಲಿ ಗುಳ್ಳೆ ಎದ್ದರೆ ತಕ್ಷಣ ಫೋನ್ ಮಾಡಿ ಅಂದರು. ನಾವೆಲ್ಲ ತಲೆಯಾಡಿಸಿದೆವು. ಅವ್ವನೂ ಆಡಿಸಿದಳು.

ಮೊದಲ ಇಂಜೆಕ್ಷನ್ ಆಗಿ ಊರಿಗೆ ಬಂದಾಗ ಆಲೂಗಡ್ಡೆ ಗಿಡಗಳು ಮೊಣಕಾಲುದ್ದ ಬಂದಿದ್ದವು. ಎರಡು ದಿನ ಗಡಗಡ ಚಳಿಜ್ವರ ಬಂದು ಬಿಟ್ಟಿತು. ಸ್ವಲ್ಪ ದಿನಕ್ಕೆ ದೊಡ್ಡ ಗಂಟು ಮೆತ್ತಗಾಯಿತು. ಭಾನುವಾರ ನಾನು ಹೋದಾಗ ಬ್ಯಾಂಡೇಜಿನ ಮೇಲಿಂದಲೇ ತೋರಿಸಿ, "ನೋಡೇ ಗಿರಿಜಾ, ಇಳೀತಾ ಅದೆ," ಅಂದ. ಸುಮಿತ್ರತ್ತಿಗೆ ಅಡುಗೆಮನೆಗೆ ಹೋಗಿ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಅವತ್ತು ಕೋಳಿಸಾರು ಮಾಡಿದರು.

ಆದರೆ ಊರಿನವರ ಬಾಯಿ ಕಟ್ಟುವವರು ಯಾರು? ಶಿವಣ್ಣ ದುಡ್ಡಿನಾಸೆಗೆ ಮೈಗೆ ವೈರಸ್ ಹಾಕಿಸಿಕೊಂಡು ಬಂದವನೆ ಅಂತ ಸುದ್ದಿ ಹಬ್ಬಿತು. ವೈರಸ್ ಅನ್ನುವ ಮಾತಿಗೇ ಬೆಚ್ಚಿಬೀಳುತ್ತಿದ್ದ ದಿನಗಳು. ಟೀ ಅಂಗಡಿಯವನು ಲೋಟ ಕೊಡದೆ ಅಣ್ಣನಿಗೆ ಮಾತ್ರ ಪೇಪರ್ ಕಪ್ಪಿನಲ್ಲಿ ಕೊಟ್ಟ. ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟರು. ಅವ್ವ ಒಂದು ದಿನ ಬೀದಿಯಲ್ಲಿ ನಿಂತು, "ವೈರಸ್ಸಲ್ಲ ಕಣ್ರೋ, ಅಮ್ಮ! ನನ್ ಮಗನ ಮೈಲಿ ಅಮ್ಮ ಅವ್ಳೆ, ನಾಲ್ಗೆ ಬಿಗಿಹಿಡ್ದು ಮಾತಾಡಿ," ಅಂತ ಕೂಗಿದಳಂತೆ. ಜನರೂ ತಣ್ಣಗಾದರು. ಅಮ್ಮ ಅಂದ ಮೇಲೆ ಅಣ್ಣನನ್ನು ಯಾರೂ ಆಡಿಕೊಳ್ಳಲಿಲ್ಲ.

ಅಮ್ಮ ಬಂದಾಗ ಏನು ಮಾಡಬೇಕು ಅಂತ ಅವ್ವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ನನಗೂ ಅಣ್ಣನಿಗೂ ಒಟ್ಟಿಗೇ ನೀರು ಸಿಡುಬಾಗಿತ್ತು. ಬೇವಿನ ಸೊಪ್ಪು ಹಾಸಿ ಅದರ ಮೇಲೆ ಪಂಚೆ ಹೊದಿಸಿ ಮಲಗಿಸಿದ್ದಳು. ಒಗ್ಗರಣೆ ಇಲ್ಲ, ಹೊರಗಿನವರು ಬರುವ ಹಾಗಿಲ್ಲ, ಮೊಸರನ್ನವಷ್ಟೇ. ನವೆ ತಡೆಯಲಾರದೆ ನಾವು ಅತ್ತಾಗ ಬೇವಿನ ಎಳೆ ಕೊಂಬೆ ಹಿಡಿದು ಕಾಲಿನಿಂದ ಹಣೆಯ ತನಕ ಮೆಲ್ಲಗೆ ಸವರುತ್ತಿದ್ದಳು, ಒಮ್ಮೆ ಅವನಿಗೆ, ಒಮ್ಮೆ ನನಗೆ. ಆ ಸುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಎರಡನೇ ಇಂಜೆಕ್ಷನ್ ಆಗುವ ಹೊತ್ತಿಗೆ ಮಳೆ ಹಿಡಿದುಕೊಂಡಿತ್ತು. ಬಿಸಿಲು ಅನ್ನುವುದೇ ಇಲ್ಲ, ಬೆಳಗಿನಿಂದ ಸಂಜೆಯ ತನಕ ಒಂದೇ ಮಬ್ಬು. ಅಂಥ ಹವೆಗೇ ಕಾಯುತ್ತಿರುತ್ತದೆ ಅಂಗಮಾರಿ ರೋಗ. ನಿನ್ನೆ ಹಸಿರಾಗಿದ್ದ ಆಲೂಗಡ್ಡೆ ಹೊಲ ಇವತ್ತು ಕಪ್ಪಗೆ ಸುಟ್ಟಂತೆ ನಿಂತಿರುತ್ತಿತ್ತು. ಬಸ್ಸಿನ ಕಿಟಕಿ ತೆಗೆದರೆ ಕೊಳೆತ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಔಷಧಿ ಹೊಡೆಯುವ ಪಂಪು ಬೆನ್ನಿಗೆ ಹಾಕಿಕೊಂಡು ಜನ ಹೊಲದ ಬದುವಿನಲ್ಲಿ ಮಳೆ ಬಿಡುವುದನ್ನೇ ಕಾಯುತ್ತಾ ನಿಂತಿರುತ್ತಿದ್ದರು. 

ಅವತ್ತು ಬಾಗೂರಿನ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸುತ್ತಿದ್ದೆ. ಸುಮಿತ್ರತ್ತಿಗೆಯ ಫೋನು ಬಂತು. ದನಿ ಕೇಳಿಸದಷ್ಟು ಸಣ್ಣಗಿತ್ತು.

"ಈ ಭಾನುವಾರ ಬರ್ಬ್ಯಾಡಿ ಕಣ್ರೀ. ನಿಮ್ಮಣ್ಣಂಗೆ ಮೈಯೆಲ್ಲ ಅಮ್ಮ ಎದ್ದವ್ಳೆ. ಅಮ್ಮ ಇಳುದು ಮೈಗೆ ನೀರು ಹಾಕೋಗಂಟ ಯಾರೂ ಬರಂಗಿಲ್ಲ ಅಂದವ್ರೆ ಅತ್ತೆ."

"ಮೈಯೆಲ್ಲಾನಾ? ಆಸ್ಪತ್ರೆಗೆ ಫೋನ್ ಮಾಡಿದ್ರಾ?"

"ಅಮ್ಮ ಇರುವಾಗ ಸೂಜಿ ಔಸ್ದಿ ಅನ್ನಬಾರ್ದಂತೆ. ಅವ್ಳ್ ಕೆಲ್ಸ ಅವ್ಳು ಮಾಡ್ತಾವ್ಳೆ, ಅಡ್ಡ ಬರ್ಬ್ಯಾಡಿ ಅಂತವ್ರೆ." ಆಮೇಲೆ ತಡೆದು, "ನಂಗ್ಯಾಕೋ ಭಯ ಆಯ್ತದೆ," ಅಂದರು.

ಸುಣ್ಣದ ಬುಟ್ಟಿ ಅಲ್ಲೇ ಬಿಟ್ಟು ಹೊರಟೆ. ಒಂದು ಸಲ ನೀರು ಸಿಡುಬಾದವನಿಗೆ ಮತ್ತೆ ಮೈಯೆಲ್ಲ ಯಾಕೆ ಎದ್ದೀತು? ಅದು ಆ ಸಿಡುಬಲ್ಲ ಅಂತ ಗೊತ್ತಾಗಲು ನಾನೇನು ಡಾಕ್ಟರಾಗಬೇಕಾಗಿರಲಿಲ್ಲ. ಬಸ್ಸಿನಲ್ಲೇ ನರ್ಸಿಗೆ ಫೋನ್ ಹಚ್ಚಿದೆ. ತಡಮಾಡದೆ ಹಾಸನಕ್ಕೆ ಕರೆದುಕೊಂಡು ಹೋಗಿ, ಅಲ್ಲಿನ ಡಾಕ್ಟರಿಗೆ ನಾವು ಹೇಳಿರುತ್ತೇವೆ, ಮುಟ್ಟುವವರು ಗ್ಲೌಸು ಹಾಕಿಕೊಳ್ಳಿ ಅಂದರು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಾಯಿಸಿದೆ. ಹೊಳೆನರಸೀಪುರದ ಸೇತುವೆ ಮೇಲೆ ಬಸ್ಸು ನಿಧಾನವಾಯಿತು. ಕೆಳಗೆ ಹೇಮಾವತಿ ಕೆಂಪಗೆ, ದಡ ಮುಟ್ಟಿ ಹರಿಯುತ್ತಿದ್ದಳು. ಡ್ರೈವರನ ಮೇಲೆ, ಮಳೆಯ ಮೇಲೆ, ಎಲ್ಲರ ಮೇಲೂ ರೇಗುತ್ತಾ ಕೂತಿದ್ದೆ. ಅಣ್ಣ ಉಳಿಯಲಿ ಅನ್ನುವುದೊಂದು ಬಿಟ್ಟರೆ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಮನೆಯ ಬಾಗಿಲಿಗೆ ಬೇವಿನ ತೋರಣ ಕಟ್ಟಿದ್ದರು. ಕ್ಯಾನ್ವಾಸ್ ಶೂ ಕೆಸರಾಗಿತ್ತು, ಬಿಚ್ಚುವ ತಾಳ್ಮೆ ಯಾರಿಗಿತ್ತು? ಹಾಗೇ ನುಗ್ಗಿದೆ. ನಡುಮನೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಅಣ್ಣ ಮಲಗಿದ್ದ. ಕಾಲಿನ ಬ್ಯಾಂಡೇಜು ಇರಲಿಲ್ಲ. ಚುಚ್ಚಿದ ಗಂಟಿನ ಸುತ್ತ ಕೀವು ತುಂಬಿದ ಗುಳ್ಳೆಗಳು. ತೊಡೆ, ಹೊಟ್ಟೆ, ಕತ್ತು, ಹಣೆಯ ಮೇಲೂ ಅವೇ. ಅವ್ವ ಪಕ್ಕದಲ್ಲಿ ಕೂತು ಬೇವಿನ ಕೊಂಬೆಯಿಂದ ಕಾಲಿನಿಂದ ಹಣೆಯ ತನಕ ಮೆಲ್ಲಗೆ ಸವರುತ್ತಿದ್ದಳು. ಅಣ್ಣನ ಬಲಗಣ್ಣು ಊದಿಕೊಂಡು ಮುಚ್ಚಿಹೋಗಿತ್ತು.

"ಬ್ಯಾಂಡೇಜ್ ಯಾರು ಬಿಚ್ಚಿದ್ದು?" ಅಂತ ಕಿರುಚಿದೆ.

"ಅಮ್ಮನ್ನ ಬಟ್ಟೇಲಿ ಕಟ್ಟಾಕ್ತಾರೇನೆ?" ಅಂದಳು ಅವ್ವ. ಆಮೇಲೆ ನನ್ನ ಕಾಲು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ, ಮೆಟ್ಟುಗಾಲಲ್ಲಿ ಒಳಿಕ್ಕೆ ಬಂದ್ಬುಟ್ಯಲ್ಲೇ! ಅಮ್ಮ ಇರೋ ಮನೆ ಕಣೇ ಇದು!"

"ಬೈಬ್ಯಾಡ ಕಣವ್ವ ಅವ್ಳ," ಅಂದ ಅಣ್ಣ. ಜ್ವರಕ್ಕೆ ನಾಲಿಗೆ ಒಣಗಿತ್ತು. "ಗಿರಿಜಾ, ಕಣ್ಣು ಉರೀತದೆ ಕಣೇ. ಅವ್ವ ಸವರುದ್ರೆ ವಸಿ ತಂಪಾಯ್ತದೆ."

ಬಾಡಿಗೆಗೆ ಕರೆಸಿದ ಕಾರಿಗೆ ಅವನನ್ನು ಹತ್ತಿಸಲು ಊರಿನವರು ಯಾರೂ ಮುಂದೆ ಬರಲಿಲ್ಲ. ಜಗಲಿಗಳ ಮೇಲೆ ನಿಂತು ನೋಡುತ್ತಿದ್ದರು, ಅಷ್ಟೇ. ಬಂದವನು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಸಿದ್ದೇಶ. ಕಂಬ ಹತ್ತುವಾಗ ಹಾಕುವ ರಬ್ಬರ್ ಗ್ಲೌಸು ಮೊಣಕೈ ತನಕ ಎಳೆದುಕೊಂಡು, "ಬಾ ಅಣ್ಣ, ಲೈನ್ ಆಫ್ ಆಗದೆ, ಭಯ ಇಲ್ಲ," ಅಂತ ಎತ್ತಿಕೊಂಡ. ಕಾರಿನ ಹಿಂದೆ ಅವ್ವ ಬೇವಿನ ಕೊಂಬೆ ಹಿಡಿದುಕೊಂಡೇ ಮಳೆಯಲ್ಲಿ ಓಡಿಬಂದಳು. ಅಮ್ಮನಿಗೆ ನೀರು ಹಾಕದೆ ಹೊಸಿಲು ದಾಟಿಸಬೇಡಿ ಅಂತ ಕೂಗುತ್ತಿದ್ದಳು. ನಾನು ಗಾಜು ಏರಿಸಿದೆ.

ಹಾಸನದಲ್ಲಿ ಜ್ವರ ಹಿಡಿತಕ್ಕೆ ಬಂತು, ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಡಾಕ್ಟರಮ್ಮ ಒಂದೊಂದನ್ನೇ ಕೇಳಿದರು. ಬ್ಯಾಂಡೇಜು ಬಿಚ್ಚಿದ್ದನ್ನು, ಕಾಲಿನಿಂದ ಹಣೆಯ ತನಕ ಬೇವಿನ ಸೊಪ್ಪು ಸವರಿದ್ದನ್ನು ಹೇಳಿದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗುಳ್ಳೆಯಲ್ಲಿದ್ದ ವೈರಸ್ಸು ಆ ಸೊಪ್ಪಿನ ಜೊತೆ ಮೈಯೆಲ್ಲ ಓಡಾಡಿ ಕಣ್ಣಿಗೂ ಹೋಗಿದೆ ಅಂದರು. "ಅವತ್ತು ಅಜ್ಜಿ ಕೇಳಿದಾಗ ನಾನು ಇಲ್ಲ ಅನ್ನಬೇಕಿತ್ತು," ಅಂತಲೂ ಅಂದರು. ಅವರನ್ನು ಬೈಯಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ; ಬೈಯಲಾಗಲಿಲ್ಲ.

ಅಣ್ಣನ ಜೀವ ಉಳಿಯಿತು, ಬಲಗಣ್ಣು ಉಳಿಯಲಿಲ್ಲ. ಪ್ರಯೋಗದಿಂದ ಅವನನ್ನು ಕೈಬಿಟ್ಟರು. ಇಷ್ಟಾದ ಮೇಲೆ ಮತ್ತೆ ಆ ಇಂಜೆಕ್ಷನ್ ಕೊಡುವ ಹಾಗಿರಲಿಲ್ಲ. ಅದಕ್ಕಿಂತ ಕರುಳು ಹಿಂಡಿದ್ದು ಇನ್ನೊಂದು ಮಾತು. ಚುಚ್ಚಿದ ಗಂಟುಗಳು ನಿಜವಾಗಿಯೂ ಕರಗುತ್ತಿದ್ದವು ಅಂತ ಡಾಕ್ಟರಮ್ಮ ಹೇಳಿದರು. ಇಂಜೆಕ್ಷನ್ ಮುಂದುವರಿದಿದ್ದರೆ ಉಳಿಯುತ್ತಿದ್ದನೇ ಅಂತ ಕೇಳಿದೆ. ಗೊತ್ತಿಲ್ಲ, ಅದನ್ನು ತಿಳಿಯುವುದಕ್ಕೇ ಈ ಪ್ರಯೋಗ ಅಂದರು.

ಇದೆಲ್ಲವನ್ನೂ ಅಣ್ಣ ಮಂಚದ ಮೇಲೆ ಮಲಗಿಕೊಂಡೇ ಕೇಳಿಸಿಕೊಂಡಿದ್ದ. ಡಾಕ್ಟರಮ್ಮ ಹೋದ ಮೇಲೆ, "ಒಂದ್ ಫೇಸ್ ಕರೆಂಟ್ ಓಯ್ತು. ಇನ್ನೊಂದ್ರಲ್ಲಿ ನಡೀತದೆ ಬುಡು," ಅಂತ ನಗಿಸಲು ನೋಡಿದ. ನಾನು ನಗಲಿಲ್ಲ. ಆಗ ನನ್ನ ಕೈ ಹಿಡಿದುಕೊಂಡ.

"ಸೊಪ್ಪಿನ ಇಸ್ಯ ಅವ್ವಂಗೆ ಹೇಳ್ಬ್ಯಾಡ ಕಣೇ."

"ಹೇಳ್ದೆ ಇರ್ಲಾ? ಗೊತ್ತಾಗ್ಲಿ ಬುಡು. ಎಷ್ಟ್ ಸಲ ಬಡ್ಕಂಡಿದ್ರು ನರ್ಸು, ಬಿಚ್ಚಬ್ಯಾಡಿ ಅಂತ!"

"ನಿನ್ ಬಾಯಿ ನಂಗೊತ್ತಿಲ್ವಾ? ಅದ್ಕೇ ಹೇಳ್ತಾ ಇರೋದು. ಅದು ಗೊತ್ತಾದ್ರೆ ಅವ್ವ ಬದುಕಾಕಿಲ್ಲ. ನನ್ ಮ್ಯಾಲಾಣೆ ಮಾಡು."

ಅವನ ತಲೆ ಮುಟ್ಟಿ ಆಣೆ ಮಾಡಿದೆ. ದಸರಾ ಕಳೆಯುವ ಹೊತ್ತಿಗೆ ಕೆಮ್ಮು ಶುರುವಾಯಿತು. ಕ್ಯಾನ್ಸರು ಶ್ವಾಸಕೋಶಕ್ಕೆ ಹೋಗಿತ್ತು. ಸೊಗಡು ಅವರೆಕಾಯಿ ಸಂತೆಗೆ ಬಂದ ದಿನಗಳಲ್ಲಿ ಅಣ್ಣ ಹೋಗಿಬಿಟ್ಟ. ಅವನನ್ನು ಅಂಗಳದಲ್ಲಿ ಮಲಗಿಸಿದ್ದಾಗ ಅವ್ವ ಎಲ್ಲರೆದುರಿಗೆ ನನ್ನ ಕಡೆ ಕೈ ತೋರಿಸಿ ಅತ್ತಳು. "ಮೆಟ್ಟುಗಾಲಲ್ಲಿ ನುಗ್ಗುದ್ಲು ಇವ್ಳು. ಅಮ್ಮ ಮುನಿಸ್ಕಂಡು ಎದ್ದೋದ್ಲು. ಓಗ್ತಾ ಕಣ್ಣ ತಗಂಡ್ಲು, ಈಗ ಮಗನ್ನೂ ತಗಂಡ್ಲು." ಸುಮಿತ್ರತ್ತಿಗೆ ನನ್ನ ಮುಖ ನೋಡಿದರು. ಅವರಿಗೂ ಎಲ್ಲ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಅತ್ತಿಗೆ ತವರಿಗೆ ಹೋದರು, ಅವ್ವ ನನ್ನ ಜೊತೆಗೆ ಬಂದಳು.

ಪಲ್ಲವಿಯ ಮನೆಯಿಂದ ಅರಕಲಗೂಡಿಗೆ ವಾಪಸು ಬಂದಾಗ ಸಂಜೆಯಾಗಿತ್ತು. ಅವ್ವ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ಹತ್ತಿರ ಹೋಗುತ್ತಿದ್ದಂತೆ ಮೂಗೆಳೆದಳು.

"ಬೇವಿನ್ ವಾಸ್ನೆ ಬತ್ತದಲ್ಲೇ. ಎಲ್ಗೋಗಿದ್ದೆ?"

"ನಮ್ ಇಸ್ಕೂಲ್ ಹುಡುಗಿಗೆ ಅಮ್ಮ ಆಗದೆ. ನೋಡ್ಕಂಡು ಬಂದೆ."

ಅವಳ ಕೈ ನಿಂತಿತು. "ಒಳಿಕ್ಕೆ ನುಗ್ಗುದ್ಯಾ?"

"ಇಲ್ಲ ಕಣವ್ವ. ಶೂ ಬಿಚ್ಚಿಟ್ಟು ಬಾಗ್ಲಾಚೇನೇ ನಿಂತಿದ್ದೆ."

ಅವ್ವ ಒಂದು ಹಿಡಿ ಹುರುಳಿಯನ್ನು ಮೊರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು. "ಅವತ್ತೂ ಅಂಗೇ ನಿಂತಿದ್ರೆ ನಿಮ್ಮಣ್ಣ ಇರೋನು," ಅಂದಳು. ಈಗ ಆ ಮಾತಿನಲ್ಲಿ ಸಿಟ್ಟಿಲ್ಲ, ಬರೀ ದುಃಖ.

ಸೊಪ್ಪಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪ್ರತಿ ಸಲವೂ ಬರುತ್ತದೆ.

"ಊಂ ಕಣವ್ವ," ಅಂದೆ. "ಇರೋನು."

"ಓಗ್ಲಿ ಬಾ. ತಲೆಯೆಲ್ಲ ನೆಂದದೆ," ಅಂತ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಸೆರಗಿನಲ್ಲಿ ತಲೆ ಒರೆಸಿದಳು. ಆಮೇಲೆ ಹಣೆ, ಕೆನ್ನೆ. ಅವಳ ಬರಿಗೈ ಮೆಲ್ಲಗೆ ನನ್ನ ಕಣ್ಣಿನ ಹತ್ತಿರ ಬಂತು. ನಾನು ಅಲುಗಾಡದೆ, ಕಣ್ಣು ಮುಚ್ಚಿಕೊಂಡು ಕೂತೆ.